ಅಣುಬಾಂಬು ಕಾರ್ಖಾನೆಗಳ ಕಸ ಎಲ್ಲಿ ಹೋಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಅಣುಬಾಂಬು ಅಂದ ಕೂಡಲೇ ಎಲ್ಲರಿಗೂ ಸ್ಫೋಟ ನೆನಪಾಗುತ್ತದೆ. ಮಾತು ಸ್ವಲ್ಪ ಮುಂದೆ ಹೋದ ಮೇಲೆ ಯಾರಾದರೊಬ್ಬರು ಕೇಳುತ್ತಾರೆ: ಆ ಬಾಂಬು ಮಾಡಿದ ಜಾಗದಲ್ಲಿ ಉಳಿದದ್ದನ್ನು ಏನು ಮಾಡಿದರು? ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಜಾಸ್ತಿ ಉದಾಹರಣೆಗಳು ಅಮೆರಿಕದ್ದು. ಅಲ್ಲಿನ ದಾಖಲೆಗಳು ಬಯಲಿಗೆ ಬಂದಿವೆ, ಅದೇ ಕಾರಣ. ಬೇರೆ ಕಡೆ ಕಸ ಇಲ್ಲ ಅಂತಲ್ಲ.

## ಶುರುವಿನ ಪ್ರಶ್ನೆಗಳು

ಬಾಂಬು ಸಿಡಿದರೆ ತಾನೇ ವಿಕಿರಣ? ಬರೀ ತಯಾರಿಸಿದರೆ ಕಸ ಹೇಗೆ ಬರುತ್ತೆ?

ಇಂಥ ಬಾಂಬಿನೊಳಗೆ ಸಿಡಿಯುವ ವಸ್ತು ಪ್ಲುಟೋನಿಯಂ. ಅದು ನೆಲದಲ್ಲಿ ಸಿಗುವ ಅದಿರಲ್ಲ. ಅದನ್ನು ಮಾಡಬೇಕು. ಯುರೇನಿಯಂ ತುಂಡುಗಳನ್ನು ರಿಯಾಕ್ಟರಿನೊಳಗೆ ಇಟ್ಟರೆ ಅದರಲ್ಲಿ ಒಂದು ಚೂರು ಪ್ಲುಟೋನಿಯಂ ಆಗುತ್ತದೆ. ಒಂದು ಟನ್ ಯುರೇನಿಯಂಗೆ ಕೆಲವು ನೂರು ಗ್ರಾಂ, ಅಷ್ಟೇ. ಜೊತೆಗೆ ಸೀಸಿಯಂ, ಸ್ಟ್ರಾನ್ಷಿಯಂ, ಅಯೋಡಿನ್ ಅಂತ ಹತ್ತಾರು ವಿಕಿರಣ ಸೂಸುವ ವಸ್ತುಗಳೂ ಹುಟ್ಟುತ್ತವೆ. ಆ ಚೂರು ಪ್ಲುಟೋನಿಯಂ ಬೇಕು ಅಂದರೆ ಇಡೀ ತುಂಡನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಬೇಕು. ಪ್ಲುಟೋನಿಯಂ ಬೇರ್ಪಡಿಸಿಕೊಂಡ ಮೇಲೆ ಉಳಿಯುವ ಆ ದ್ರಾವಣವೇ ನಮ್ಮ ಕಥೆಯ ಮುಖ್ಯ ಪಾತ್ರ.

ನಾಗಾಸಾಕಿಯ ಬಾಂಬಿನಲ್ಲಿ ಇದ್ದ ಪ್ಲುಟೋನಿಯಂ ಸುಮಾರು 6 ಕಿಲೋ. ಅಮೆರಿಕ ಒಟ್ಟು 100 ಟನ್‌ಗೂ ಹೆಚ್ಚು ತಯಾರಿಸಿತು. ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ.

ಈ ಕಸ ನೋಡೋಕೆ ಹೇಗಿರುತ್ತೆ? ಹಸಿರಾಗಿ ಹೊಳೆಯುತ್ತಾ?

ಹೊಳೆಯೋದಿಲ್ಲ. ಅದು ಸಿನಿಮಾದವರ ಹಸಿರು. ಆ ದ್ರಾವಣ ತುಂಬಿಟ್ಟ ಟ್ಯಾಂಕುಗಳಲ್ಲಿ ಇರುವುದು ಮೂರು ಥರ: ತಳದಲ್ಲಿ ಗಟ್ಟಿ ಕೆಸರು, ಅದರ ಮೇಲೆ ಹೆಪ್ಪುಗಟ್ಟಿದ ಉಪ್ಪು, ಎಲ್ಲಕ್ಕಿಂತ ಮೇಲೆ ಕ್ಷಾರ ದ್ರವ. ಟ್ಯಾಂಕಿನಿಂದ ಟ್ಯಾಂಕಿಗೆ ಇದು ಬದಲಾಗುತ್ತದೆ.

ಆದರೆ ಕಸ ಅಂದರೆ ದ್ರವ ಮಾತ್ರ ಅಲ್ಲ. ಪ್ಲುಟೋನಿಯಂ ತಾಗಿದ ಕೈಗವಸು, ಒರೆಸುವ ಬಟ್ಟೆ, ಸ್ಪ್ಯಾನರ್, ಪೈಪು, ಲೇತ್ ಯಂತ್ರ, ಕೊನೆಗೆ ಕಟ್ಟಡದ ಗೋಡೆ ಕೂಡ ಕಸವೇ. ಯುರೇನಿಯಂ ಅದಿರನ್ನು ಪುಡಿಮಾಡಿ ಉಳಿದ ಮಣ್ಣಿನ ದಿಬ್ಬಗಳಿವೆ. ಪ್ರಮಾಣದಲ್ಲಿ ಎಲ್ಲಕ್ಕಿಂತ ದೊಡ್ಡದು ಅವೇ.

ವಿದ್ಯುತ್ ಸ್ಥಾವರದ ಪರಮಾಣು ತ್ಯಾಜ್ಯವೂ ಇದೂ ಒಂದೇ ಅಲ್ವಾ?

ಮೂಲ ಒಂದೇ, ರೂಪ ಬೇರೆ. ವಿದ್ಯುತ್ ಸ್ಥಾವರದಲ್ಲಿ ಉರಿದ ಇಂಧನ ಹೆಚ್ಚಾಗಿ ಲೋಹದ ಕೊಳವೆಯೊಳಗೆ ಗಟ್ಟಿಯಾಗಿಯೇ ಇರುತ್ತದೆ. ಎಣಿಸಬಹುದು. ಯಾವ ಕೊಳವೆ ಎಷ್ಟು ದಿನ ಉರಿಯಿತು ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಅದರಲ್ಲಿ ಒಟ್ಟು ವಿಕಿರಣವೂ ಜಾಸ್ತಿ.

ಬಾಂಬಿನ ಕಸದಲ್ಲಿ ಆ ಅಚ್ಚುಕಟ್ಟು ಇಲ್ಲ. ಇಂಧನವನ್ನು ಆಗಲೇ ಒಡೆದು, ಕರಗಿಸಿ, ಹತ್ತಾರು ರಾಸಾಯನಿಕ ಬೆರೆಸಿ ಆಗಿದೆ. ವಿಕಿರಣ ಎಷ್ಟು ಕಷ್ಟ ಕೊಡುತ್ತದೋ ರಸಾಯನವೂ ಅಷ್ಟೇ ಕಷ್ಟ ಕೊಡುತ್ತದೆ. ನನ್ನನ್ನು ಕೇಳಿದರೆ ರಸಾಯನದ್ದೇ ಒಂದು ಕೈ ಮೇಲು.

'ಲಕ್ಷಾಂತರ ವರ್ಷ ಅಪಾಯ' ಅಂತಾರಲ್ಲ, ನಿಜಾನಾ ಅಥವಾ ಹೆದರಿಸೋದಾ?

ಎರಡೂ. ಯಾವ ವಸ್ತು ಅನ್ನುವುದರ ಮೇಲೆ ಹೋಗುತ್ತದೆ. ವಿಕಿರಣ ವಸ್ತುವಿನ ಅರ್ಧ ಭಾಗ ತಾನೇ ಕರಗಿಹೋಗಲು ಬೇಕಾದ ಕಾಲಕ್ಕೆ ಅರ್ಧಾಯುಷ್ಯ ಅಂತಾರೆ. ಸೀಸಿಯಂ-137ಕ್ಕೆ ಅದು 30 ವರ್ಷ. ಸ್ಟ್ರಾನ್ಷಿಯಂ-90ಕ್ಕೆ 29. ಇಂಥ ಹತ್ತು ಅರ್ಧಾಯುಷ್ಯ ಕಳೆದರೆ ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅಂದರೆ ಸುಮಾರು 300 ವರ್ಷ. ಇವೆರಡೇ ಇವತ್ತು ಟ್ಯಾಂಕನ್ನು ಬಿಸಿಯಾಗಿಟ್ಟಿರುವುದು, ಹತ್ತಿರ ಹೋಗಲು ಬಿಡದಿರುವುದು.

ಪ್ಲುಟೋನಿಯಂ-239ರ ಅರ್ಧಾಯುಷ್ಯ 24,100 ವರ್ಷ. ಟೆಕ್ನಿಷಿಯಂ-99ರದ್ದು 2 ಲಕ್ಷ ವರ್ಷ ದಾಟುತ್ತದೆ. ಅಯೋಡಿನ್-129ರದ್ದು 1.5 ಕೋಟಿ ವರ್ಷಕ್ಕೂ ಜಾಸ್ತಿ. ಆಯುಷ್ಯ ಉದ್ದವಿದ್ದಷ್ಟೂ ಪ್ರತಿ ಗ್ರಾಂನಿಂದ ಹೊರಬರುವ ವಿಕಿರಣ ಕಡಿಮೆ. ಆದರೂ ಪ್ಲುಟೋನಿಯಂನ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಅಪಾಯ. ಟೆಕ್ನಿಷಿಯಂ ಮತ್ತು ಅಯೋಡಿನ್ ಜೊತೆ ಇನ್ನೊಂದು ತಲೆನೋವಿದೆ. ಅವು ನೀರಿನ ಜೊತೆ ಸಲೀಸಾಗಿ ಓಡಾಡುತ್ತವೆ.

ಇಂಥ ಜಾಗಗಳು ಎಲ್ಲೆಲ್ಲಿವೆ?

ಅಮೆರಿಕದಲ್ಲಿ ದೊಡ್ಡವು ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫೋರ್ಡ್, ದಕ್ಷಿಣ ಕೆರೊಲಿನಾದ ಸವಾನಾ ರಿವರ್, ಇಡಾಹೊ, ಓಕ್ ರಿಜ್, ಲಾಸ್ ಅಲಾಮೋಸ್. ರಷ್ಯಾದಲ್ಲಿ ಉರಲ್ ಪ್ರದೇಶದ ಮಾಯಾಕ್, ಸೈಬೀರಿಯಾದ ಸೇವೆರ್ಸ್ಕ್ ಮತ್ತು ಝೆಲೆಜ್ನೋಗೋರ್ಸ್ಕ್. ಬ್ರಿಟನ್ನಿನ ಸೆಲ್ಲಾಫೀಲ್ಡ್, ಫ್ರಾನ್ಸಿನ ಮಾರ್ಕೂಲ್. ಪ್ಲುಟೋನಿಯಂ ಬಾಂಬು ಮಾಡಿದ ಯಾವ ದೇಶವೂ ಈ ಕಸದಿಂದ ಪಾರಾಗಿಲ್ಲ.

## ಇಷ್ಟು ಕೆಟ್ಟದ್ದು ಹೇಗೆ

ಅಷ್ಟು ಬುದ್ಧಿವಂತರಿದ್ದರು. ಸುಮ್ನೆ ಟ್ಯಾಂಕಿಗೆ ಸುರಿದು ಹೋದರಾ?

ಹೆಚ್ಚು ಕಡಿಮೆ ಹೌದು. ಹ್ಯಾನ್‌ಫೋರ್ಡ್ ಕೆಲಸ ಶುರುವಾದದ್ದು 1943ರಲ್ಲಿ. 1944ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಬಿ ರಿಯಾಕ್ಟರ್ ಓಡತೊಡಗಿತು. 1945ರ ಆಗಸ್ಟ್‌ನಲ್ಲಿ ಅಲ್ಲಿನ ಪ್ಲುಟೋನಿಯಂ ನಾಗಾಸಾಕಿಯ ಮೇಲೆ ಬಿತ್ತು. ಈ ಓಟದಲ್ಲಿ ಕಸಕ್ಕೆ ಸಿಕ್ಕ ಉತ್ತರ 'ಸದ್ಯಕ್ಕೆ ಇಲ್ಲಿಡೋಣ, ಆಮೇಲೆ ನೋಡೋಣ'. ಆ 'ಸದ್ಯ' 80 ವರ್ಷ ದಾಟಿದೆ.

ಒಂದು ನಿರ್ಧಾರ ಮಾತ್ರ ಇವತ್ತಿಗೂ ಕಾಡುತ್ತಿದೆ. ಹೊರಬರುತ್ತಿದ್ದ ದ್ರಾವಣ ಆಮ್ಲ. ಆಮ್ಲ ತಡೆಯಲು ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕು ಬೇಕು. ಯುದ್ಧಕಾಲದಲ್ಲಿ ಅದು ದುಬಾರಿ, ಸಿಗುತ್ತಲೂ ಇರಲಿಲ್ಲ. ಹಾಗಾಗಿ ಮಾಮೂಲಿ ಉಕ್ಕಿನ ಒಳಪದರ, ಅದರ ಹೊರಗೆ ಕಾಂಕ್ರೀಟು ಇರುವ ಟ್ಯಾಂಕು ಕಟ್ಟಿದರು. ಆಮ್ಲ ಆ ಉಕ್ಕನ್ನು ತಿನ್ನಬಾರದು ಅಂತ ಕಾಸ್ಟಿಕ್ ಸೋಡಾ ಸುರಿದರು. ಅದರಿಂದ ಕಸದ ಪ್ರಮಾಣ ಹಿಗ್ಗಿತು. ಕರಗಿದ್ದ ಲೋಹಗಳೆಲ್ಲ ತಳಕ್ಕೆ ಕೂತು ಕೆಸರಾದವು. ಇವತ್ತು ಆ ಕೆಸರನ್ನು ಕೆದಕಿ ತೆಗೆಯುವುದೇ ದೊಡ್ಡ ಸಾಹಸ.

ಬೇರೆ ದಾರಿ ಇತ್ತು ಅನ್ನುವುದಕ್ಕೆ ಇಡಾಹೊ ಸಾಕ್ಷಿ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿನಲ್ಲಿ ಆಮ್ಲವನ್ನು ಆಮ್ಲವಾಗಿಯೇ ಇಟ್ಟರು. 1963ರಿಂದ 2000ದವರೆಗೆ ಅದನ್ನು ಹುರಿದು ಒಣ ಪುಡಿ ಮಾಡಿದರು. ಆ ಪುಡಿ ಸುಮಾರು 4,400 ಘನ ಮೀಟರ್ ಇದೆ, ಇನ್ನೂ ಅಲ್ಲೇ ಕೂತಿದೆ. ಆದರೆ ಪುಡಿ ಸೋರುವುದಿಲ್ಲವಲ್ಲ.

ಟ್ಯಾಂಕಿನಲ್ಲಿ ಏನಿದೆ ಅಂತ ಅವರಿಗೇ ಗೊತ್ತಿಲ್ಲ ಅಂತಾರೆ. ಅದು ಹೇಗೆ ಸಾಧ್ಯ?

ಹ್ಯಾನ್‌ಫೋರ್ಡ್‌ನಲ್ಲಿ ನೆಲದಡಿ 177 ಟ್ಯಾಂಕುಗಳಿವೆ. ಒಳಗೆ ಸುಮಾರು 21 ಕೋಟಿ ಲೀಟರ್ ಕಸ. ಒಲಿಂಪಿಕ್ ಈಜುಕೊಳದ ಲೆಕ್ಕದಲ್ಲಿ 80ಕ್ಕೂ ಹೆಚ್ಚು ಕೊಳ. ದಶಕಗಳಲ್ಲಿ ಪ್ಲುಟೋನಿಯಂ ಬೇರ್ಪಡಿಸಲು ಒಂದಾದ ಮೇಲೊಂದು ಮೂರು ವಿಧಾನ ಬಳಸಿದರು. ಪ್ರತಿಯೊಂದರ ರಾಸಾಯನಿಕವೂ ಬೇರೆ. ಜಾಗ ಸಾಲದೆ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಪಂಪು ಮಾಡಿದರು, ಕುದಿಸಿ ಇಂಗಿಸಿದರು, ಸೀಸಿಯಂ ತೆಗೆದರು, ಮತ್ತೆ ಬೆರೆಸಿದರು. ದಾಖಲೆ ಇದೆ, ಪೂರ್ತಿ ಇಲ್ಲ. ಒಂದು ಲೋಟ ಮಾದರಿ ತೆಗೆದು ನೋಡಿದರೆ ಆ ಲೋಟದ ಕಥೆ ಗೊತ್ತಾಗುತ್ತದೆ. ಹತ್ತು ಅಡಿ ಆಚೆ ಬೇರೆಯೇ ಇರಬಹುದು.

ಟ್ಯಾಂಕು ಸೋರಿದೆಯಾ? ನದಿಗೆ ಸೇರಿದೆಯಾ?

ಸೋರಿದೆ. 177ರಲ್ಲಿ 149 ಟ್ಯಾಂಕುಗಳಿಗೆ ಉಕ್ಕಿನ ಗೋಡೆ ಒಂದೇ. ಅವುಗಳಲ್ಲಿ 67 ಸೋರಿರಬಹುದು ಅಂತ ಅಧಿಕೃತ ಪಟ್ಟಿಯೇ ಬಹಳ ಕಾಲ ಹೇಳುತ್ತಿತ್ತು. ಮಣ್ಣಿಗೆ ಹೋದದ್ದು ಸುಮಾರು 38 ಲಕ್ಷ ಲೀಟರ್ ಅಂತ ಅಂದಾಜು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ಎರಡು ಗೋಡೆಯ 28 ಟ್ಯಾಂಕು ಕಟ್ಟಿ, ಪಂಪಿಗೆ ಸಿಕ್ಕಷ್ಟು ದ್ರವವನ್ನು ಅಲ್ಲಿಗೆ ಸಾಗಿಸಿದರು. 2012ರಲ್ಲಿ ಅದರಲ್ಲೂ ಒಂದರ ಒಳಗೋಡೆ ಸೋರುವುದು ಕಂಡಿತು. 2021ರಲ್ಲಿ ಹಳೆಯ ಟ್ಯಾಂಕೊಂದು ಹೊಸದಾಗಿ ಸೋರುತ್ತಿದೆ ಅಂತ ಪ್ರಕಟಿಸಿದರು.

ಜನ ಸೋರಿಕೆಯ ಬಗ್ಗೆ ಕೇಳುತ್ತಾರೆ. ಬೇಕಂತಲೇ ಸುರಿದದ್ದರ ಬಗ್ಗೆ ಕೇಳುವವರು ಕಡಿಮೆ. ತಂಪು ಮಾಡಿದ ನೀರು, ಕಡಿಮೆ ವಿಕಿರಣದ ದ್ರವ ಅಂತ ಹ್ಯಾನ್‌ಫೋರ್ಡ್ ನೆಲಕ್ಕೆ ಬಿಟ್ಟದ್ದು ಸುಮಾರು 1.7 ಲಕ್ಷ ಕೋಟಿ ಲೀಟರ್. ಅಂತರ್ಜಲದಲ್ಲಿ ಈಗ ಹರಡಿರುವ ಕೊಳೆಯ ಬಹುಪಾಲು ಇದರದ್ದೇ. ಕೆಲವು ಕಡೆ ಅದು ಕೊಲಂಬಿಯಾ ನದಿಯ ಅಂಚಿಗೂ ಮುಟ್ಟಿದೆ. ನದಿ ದೊಡ್ಡದು, ಸೇರಿದ್ದು ಕೂಡಲೇ ತೆಳುವಾಗುತ್ತದೆ. ಅಂತರ್ಜಲವನ್ನು ಮೇಲೆತ್ತಿ, ಶುದ್ಧ ಮಾಡಿ, ಮತ್ತೆ ಒಳಗೆ ಬಿಡುವ ಘಟಕಗಳು ವರ್ಷಪೂರ್ತಿ ಓಡುತ್ತಿವೆ. ಹೆಚ್ಚು ಸುದ್ದಿ ಮಾಡದೆ ಚೆನ್ನಾಗಿ ನಡೆಯುತ್ತಿರುವ ಕೆಲಸ ಅಂದರೆ ಇದೇ.

ಕಸದ ಟ್ಯಾಂಕು ಬಾಂಬಿನ ಥರ ಸಿಡಿಯುತ್ತಾ?

ಅಣುಬಾಂಬಿನ ಥರ ಅಲ್ಲ. ರಾಸಾಯನಿಕ ಸ್ಫೋಟ ಆಗಬಹುದು, ಆಗಿದೆ ಕೂಡ. 1957ರ ಸೆಪ್ಟೆಂಬರ್ 29ರಂದು ಮಾಯಾಕ್‌ನಲ್ಲಿ ಒಂದು ಟ್ಯಾಂಕಿನ ತಂಪು ಮಾಡುವ ವ್ಯವಸ್ಥೆ ಕೆಟ್ಟಿತ್ತು. ಒಳಗಿದ್ದ 70–80 ಟನ್ ಕಸ ತನ್ನದೇ ಶಾಖಕ್ಕೆ ಒಣಗುತ್ತಾ ಬಂತು. ಉಳಿದದ್ದು ನೈಟ್ರೇಟ್ ಮತ್ತು ಅಸಿಟೇಟ್ ಲವಣ, ಹೆಚ್ಚು ಕಡಿಮೆ ಸಿಡಿಮದ್ದು. ಕಾಂಕ್ರೀಟು ಮುಚ್ಚಳ ಹಾರಿಹೋಯಿತು. ವಿಕಿರಣದ ಮೋಡ ನೂರಾರು ಕಿಲೋಮೀಟರ್ ಹರಡಿತು. ಮುಂದಿನ ಎರಡು ವರ್ಷಗಳಲ್ಲಿ 10,000ಕ್ಕೂ ಹೆಚ್ಚು ಜನರನ್ನು ಹಳ್ಳಿಗಳಿಂದ ಎಬ್ಬಿಸಿದರು. ಯಾಕೆ ಅಂತ ಮಾತ್ರ ಹೇಳಲಿಲ್ಲ. 1976ರಲ್ಲಿ ವಿಜ್ಞಾನಿ ಝೋರೆಸ್ ಮೆಡ್ವೆಡೆವ್ ಹೊರದೇಶದಲ್ಲಿ ಕೂತು ಇದನ್ನು ಬರೆದಾಗ ಪಶ್ಚಿಮದ ತಜ್ಞರೇ ನಂಬಲು ಹಿಂಜರಿದರು. ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು 1989ರಲ್ಲಿ. ಮಾಯಾಕ್ ಕಾರ್ಖಾನೆಯವರ ನಗರ ಆಗ ಭೂಪಟದಲ್ಲೇ ಇರಲಿಲ್ಲ. ಹಾಗಾಗಿ ಈ ದುರಂತಕ್ಕೆ ಪಕ್ಕದ ಊರಿನ ಹೆಸರು ಬಂತು: ಕಿಶ್ಟಿಮ್.

ಹ್ಯಾನ್‌ಫೋರ್ಡ್‌ನಲ್ಲೂ ಒಂದು ಟ್ಯಾಂಕು ಹೆದರಿಸಿತ್ತು. ಕೆಸರಿನಡಿ ಹೈಡ್ರೋಜನ್ ಸೇರಿಕೊಂಡು, ಸುಮಾರು 100 ದಿನಕ್ಕೊಮ್ಮೆ ಟ್ಯಾಂಕು ಜೋರಾಗಿ ತೇಗುತ್ತಿತ್ತು. ಆ ಹೊತ್ತಿಗೆ ಒಂದು ಕಿಡಿ ಬಿದ್ದಿದ್ದರೆ? 1993ರಲ್ಲಿ ಒಳಗೆ ಕಡೆಯುವ ಪಂಪು ಇಳಿಸಿದರು. ಅನಿಲ ಸ್ವಲ್ಪ ಸ್ವಲ್ಪವಾಗಿ ಹೊರಬರತೊಡಗಿತು. ತೇಗು ನಿಂತಿತು.

ಅಲ್ಲಿ ಕೆಲಸ ಮಾಡಿದವರ ಗತಿ ಏನಾಯ್ತು?

ಬಹಳ ಜನ ಕಾಯಿಲೆ ಬಿದ್ದರು. ದಶಕಗಳ ಕಾಲ 'ಕೆಲಸಕ್ಕೂ ಕಾಯಿಲೆಗೂ ಸಂಬಂಧ ಇಲ್ಲ' ಅನ್ನುವ ಉತ್ತರ ಸಿಕ್ಕಿತು. 2000ದಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ವಿಕಿರಣದಿಂದ ಕ್ಯಾನ್ಸರ್ ಬಂದ ಅರ್ಹರಿಗೆ 1,50,000 ಡಾಲರ್ ಪರಿಹಾರ ಇಟ್ಟಿತು. ಇವತ್ತು ಟ್ಯಾಂಕಿನ ಹತ್ತಿರ ಕೆಲಸ ಮಾಡುವವರ ದೂರು ಹೆಚ್ಚಾಗಿ ವಿಕಿರಣದ್ದಲ್ಲ, ಟ್ಯಾಂಕಿನಿಂದ ಬರುವ ರಾಸಾಯನಿಕ ಆವಿಯದ್ದು.

## ಏನು ಮಾಡಬಹುದು

ರಾಕೆಟ್ಟಿಗೆ ತುಂಬಿ ಸೂರ್ಯನಿಗೆ ಕಳಿಸಿಬಿಟ್ಟರೆ ಆಗಲ್ವಾ?

ಎಲ್ಲ ಸಭೆಯಲ್ಲೂ ಈ ಪ್ರಶ್ನೆ ಇರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಕೇಳುವವರು ಹಿಂದಿನ ಸಾಲಿನವರು! ಮೊದಲ ತೊಂದರೆ ತೂಕ: ಸಾವಿರಾರು ಟನ್. ಎರಡನೆಯದು, ರಾಕೆಟ್ಟುಗಳು ಬೀಳುತ್ತವೆ. 1964ರಲ್ಲಿ ಪ್ಲುಟೋನಿಯಂ-238ರ ಬ್ಯಾಟರಿ ಹೊತ್ತ ಅಮೆರಿಕದ ಉಪಗ್ರಹವೊಂದು ಕಕ್ಷೆ ಸೇರದೆ ವಾತಾವರಣದಲ್ಲೇ ಸುಟ್ಟುಹೋಯಿತು. ಅದರ ಪ್ಲುಟೋನಿಯಂ ಭೂಮಿಯ ಸುತ್ತ ಹರಡಿತು. ಅದರಲ್ಲಿ ಇದ್ದದ್ದು ಒಂದು ಕಿಲೋ ಆಸುಪಾಸು.

ಸಮುದ್ರ ಅಷ್ಟು ದೊಡ್ಡದು. ಅಲ್ಲಿ ಹಾಕಿದರೆ?

ಹಾಕಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ಎದುರಿನ ಫ್ಯಾರಲಾನ್ ದ್ವೀಪಗಳ ಹತ್ತಿರ 1946ರಿಂದ 1970ರವರೆಗೆ 47,000ಕ್ಕೂ ಹೆಚ್ಚು ಡ್ರಮ್ಮುಗಳನ್ನು ಮುಳುಗಿಸಿದರು. ಸೋವಿಯತ್ ನೌಕಾಪಡೆ ಕಾರಾ ಸಮುದ್ರಕ್ಕೆ ಜಲಾಂತರ್ಗಾಮಿಯ ರಿಯಾಕ್ಟರುಗಳನ್ನೇ ಇಳಿಸಿತು. 1993ರಲ್ಲಿ ಲಂಡನ್ ಒಪ್ಪಂದದ ದೇಶಗಳು ಸೇರಿ ಸಮುದ್ರಕ್ಕೆ ವಿಕಿರಣ ಕಸ ಹಾಕುವುದನ್ನು ಪೂರ್ತಿ ನಿಷೇಧಿಸಿದವು. ಮುಳುಗಿದ್ದನ್ನು ಮತ್ತೆ ನೋಡಿಕೊಳ್ಳಲು ಆಗುವುದಿಲ್ಲ. ನನಗೆ ಅದೇ ದೊಡ್ಡ ಆಕ್ಷೇಪ.

ಗಾಜು ಮಾಡ್ತಾರಂತೆ. ಗಾಜು ಒಡೆದುಹೋಗಲ್ವಾ?

ಒಡೆಯಲಿ ಬಿಡಿ. ಒಡೆದ ಗಾಜು ಗಾಜೇ ತಾನೆ, ನೀರಾಗುವುದಿಲ್ಲ. ಇಲ್ಲಿ ಕಸವನ್ನು ಗಾಜಿನ ಬಾಟಲಿಯಲ್ಲಿ ಹಾಕುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಸವನ್ನೂ ಗಾಜಿನ ಪುಡಿಯನ್ನೂ ಸೇರಿಸಿ ಸುಮಾರು 1,150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸುತ್ತಾರೆ. ಆರಿದ ಮೇಲೆ ವಿಕಿರಣ ವಸ್ತುವಿನ ಕಣಗಳು ಗಾಜಿನ ಹೆಣಿಗೆಯೊಳಗೇ ಸೇರಿರುತ್ತವೆ. ನೀಲಿ ಗಾಜಿನಲ್ಲಿ ನೀಲಿ ಬಣ್ಣ ಇರುತ್ತದಲ್ಲ, ಹಾಗೆ. ಗಾಜನ್ನು ಎಷ್ಟು ಚೂರು ಮಾಡಿದರೂ ನೀಲಿ ಬೇರೆಯಾಗುವುದಿಲ್ಲ.

ಬಳಸುವುದು ಬೋರೋಸಿಲಿಕೇಟ್ ಗಾಜು, ಪ್ರಯೋಗಶಾಲೆಯ ಬೀಕರಿನ ಜಾತಿಯದ್ದು. ನೀರು ತಾಗಿದರೆ ಕರಗುತ್ತದೆ, ಆದರೆ ತುಂಬಾ ನಿಧಾನ. ಈ ಪೂರ್ತಿ ವ್ಯವಹಾರದಲ್ಲಿ 'ಸುರಕ್ಷಿತ' ಅಂದರೆ ಇಷ್ಟೇ ಅರ್ಥ: ಹೊರಗೆ ಬರುವಷ್ಟರಲ್ಲಿ ವಿಕಿರಣ ತಾನೇ ಇಳಿದಿರಬೇಕು.

ಫ್ರಾನ್ಸಿನ ಮಾರ್ಕೂಲ್‌ನಲ್ಲಿ 1978ರಿಂದಲೇ ಕಾರ್ಖಾನೆ ಮಟ್ಟದಲ್ಲಿ ಇದು ನಡೆಯಿತು. ಸವಾನಾ ರಿವರ್ 1996ರಲ್ಲಿ ಶುರು ಮಾಡಿ, 3 ಮೀಟರ್ ಎತ್ತರದ 4,000ಕ್ಕೂ ಹೆಚ್ಚು ಉಕ್ಕಿನ ಡಬ್ಬಿ ತುಂಬಿದೆ.

ಹಾಗಾದರೆ ಹ್ಯಾನ್‌ಫೋರ್ಡ್‌ನಲ್ಲಿ ಯಾಕೆ ಇಷ್ಟು ತಡ?

ಇದಕ್ಕೆ ಉದ್ದ ಉತ್ತರವೇ ಬೇಕು. ಕೇಂದ್ರ ಸರ್ಕಾರದ ಎರಡು ಇಲಾಖೆ ಮತ್ತು ವಾಷಿಂಗ್ಟನ್ ರಾಜ್ಯ ಸೇರಿ ಸ್ವಚ್ಛತೆಯ ಒಪ್ಪಂದಕ್ಕೆ ಸಹಿ ಹಾಕಿದ್ದು 1989ರಲ್ಲಿ. ಗಾಜಿನ ಕಾರ್ಖಾನೆ ಕಟ್ಟಲು ಶುರು ಮಾಡಿದ್ದು 2002ರಲ್ಲಿ. ವಿನ್ಯಾಸ ಪೂರ್ತಿ ಮುಗಿಯುವ ಮೊದಲೇ ಕಾಂಕ್ರೀಟು ಸುರಿಯತೊಡಗಿದರು. ಮತ್ತೆ ಅದೇ ಅವಸರ, ಅದೇ ಹಳೆಯ ರೋಗ! ಆಮೇಲೆ ಒಂದೊಂದೇ ಪ್ರಶ್ನೆ ಎದ್ದಿತು. ಗಟ್ಟಿ ಕೆಸರನ್ನು ಪಾತ್ರೆಯೊಳಗೆ ಸರಿಯಾಗಿ ಕಲಕಲು ಆಗುತ್ತಾ? ತಳದಲ್ಲಿ ಪ್ಲುಟೋನಿಯಂ ಒಟ್ಟುಗೂಡಿದರೆ? ಪೈಪಿನಲ್ಲಿ ಹೈಡ್ರೋಜನ್ ಸೇರಿದರೆ? ಆ ಪಾತ್ರೆಗಳಿರುವ ಕೋಣೆಗೆ ಒಮ್ಮೆ ಕೆಲಸ ಶುರುವಾದ ಮೇಲೆ ಮನುಷ್ಯ ಕಾಲಿಡುವ ಹಾಗಿಲ್ಲ. ಅಂದರೆ 40 ವರ್ಷ ರಿಪೇರಿ ಇಲ್ಲದೆ ಓಡಬೇಕು. 2012ರ ಹೊತ್ತಿಗೆ ಮುಖ್ಯ ಭಾಗಗಳ ಕೆಲಸ ನಿಂತಿತು.

ಕೊನೆಗೆ ಒಂದು ಬಳಸು ದಾರಿ ಹಿಡಿದರು. ಮೊದಲು ಮೇಲಿನ ದ್ರವವನ್ನು ಮಾತ್ರ ತೆಗೆಯುವುದು. 2022ರಿಂದ ಅದರಲ್ಲಿನ ಸೀಸಿಯಂ ಸೋಸಿ ಬೇರೆ ಇಡುತ್ತಿದ್ದಾರೆ. ಉಳಿದ ಕಡಿಮೆ ವಿಕಿರಣದ ದ್ರವ ನೇರವಾಗಿ ಕುಲುಮೆಗೆ. 2025ರ ಅಕ್ಟೋಬರ್‌ನಲ್ಲಿ ಹೀಗೆ ಮೊದಲ ಬಾರಿ ಟ್ಯಾಂಕಿನ ಕಸ ಗಾಜಾಯಿತು. ಅತಿ ಹೆಚ್ಚು ವಿಕಿರಣದ ಕೆಸರಿನ ಸರದಿ ಇನ್ನೂ ಬಂದಿಲ್ಲ.

ಗಾಜು ಅಷ್ಟು ಕಷ್ಟ ಅಂದರೆ ಸಿಮೆಂಟ್ ಬೆರೆಸಿ ಮುಗಿಸಬಾರದಾ?

ಕೆಲವದಕ್ಕೆ ಹಾಗೇ ಮಾಡುತ್ತಾರೆ. ಸವಾನಾ ರಿವರ್‌ನಲ್ಲಿ ಸೀಸಿಯಂ ತೆಗೆದ ಉಪ್ಪುನೀರನ್ನು ಸಿಮೆಂಟ್, ಹಾರುಬೂದಿ, ಕುಲುಮೆಯ ಕಿಟ್ಟದ ಜೊತೆ ಕಲಸಿ ದೊಡ್ಡ ಕಾಂಕ್ರೀಟು ತೊಟ್ಟಿಗಳಲ್ಲಿ ಗಟ್ಟಿ ಮಾಡುತ್ತಾರೆ. ಖಾಲಿ ಮಾಡಿದ ಟ್ಯಾಂಕುಗಳನ್ನೂ ಸಿಮೆಂಟ್ ತುಂಬಿ ಮುಚ್ಚುತ್ತಾರೆ. 1997ರಲ್ಲೇ ಎರಡನ್ನು ಮುಚ್ಚಿದ್ದರು.

ಅಗ್ಗ, ಬೇಗ ಆಗುತ್ತದೆ, ಬಿಸಿ ಮಾಡಬೇಕಾಗಿಲ್ಲ. ತಕರಾರು ಬರುವುದು ಟೆಕ್ನಿಷಿಯಂ ಮತ್ತು ಅಯೋಡಿನ್ ವಿಷಯಕ್ಕೆ. ಅವನ್ನು ಸಾವಿರಾರು ವರ್ಷ ಹಿಡಿದಿಡಲು ಸಿಮೆಂಟಿಗೆ ತಾಕತ್ತಿದೆಯಾ ಅಂತ ವಾಷಿಂಗ್ಟನ್ ರಾಜ್ಯ ಕೇಳುತ್ತಲೇ ಬಂದಿದೆ. ತಮಾಷೆ ಅಂದರೆ ಕುಲುಮೆಯ ಬಿಸಿಗೆ ಟೆಕ್ನಿಷಿಯಂ, ಅಯೋಡಿನ್ ಆವಿಯಾಗಿ ಏಳುತ್ತವೆ. ಅವನ್ನು ಹಿಡಿದು ಮತ್ತೆ ಬೇರೆ ಕಡೆ ಇಡಬೇಕು. ನನ್ನ ಅಭಿಪ್ರಾಯ: ಕಡಿಮೆ ವಿಕಿರಣದ್ದಕ್ಕೆ, ಒಣ ಜಾಗದಲ್ಲಿ ಹೂಳುವುದಾದರೆ, ಸಿಮೆಂಟ್ ಸರಿ. ಕೆಸರಿಗೆ ಗಾಜೇ ಬೇಕು.

ಉಪ್ಪಿನ ಗಣಿಯಲ್ಲಿ ಹೂಳ್ತಾರಂತೆ. ಉಪ್ಪು ನೀರಲ್ಲಿ ಕರಗುತ್ತಲ್ಲ, ಇದೆಂಥ ಬುದ್ಧಿ?

ಒಳ್ಳೆ ಪ್ರಶ್ನೆ, ಉತ್ತರವೂ ಅದರೊಳಗೇ ಇದೆ. ನೀರು ಬಂದಿದ್ದರೆ ಉಪ್ಪು ಎಂದೋ ಕರಗಿಹೋಗುತ್ತಿತ್ತು. ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬಾಡ್ ಹತ್ತಿರದ ಉಪ್ಪಿನ ಪದರಕ್ಕೆ ಸುಮಾರು 25 ಕೋಟಿ ವರ್ಷ. ಇನ್ನೂ ಇದೆ. ಅಂದರೆ ಅಲ್ಲಿ ಹರಿಯುವ ನೀರಿಲ್ಲ.

ಅಲ್ಲಿ 655 ಮೀಟರ್ ಆಳದಲ್ಲಿ ವಿಪ್ ಅನ್ನುವ ಹೂಳುವ ಜಾಗವಿದೆ. 1999ರ ಮಾರ್ಚ್‌ನಲ್ಲಿ ಮೊದಲ ಲಾರಿ ಬಂತು. ಇಲ್ಲಿಗೆ ಬರುವುದು ಪ್ಲುಟೋನಿಯಂನಂಥ ಭಾರದ ಧಾತು ತಾಗಿದ ಕೈಗವಸು, ಉಪಕರಣ, ಗಟ್ಟಿಯಾದ ಕೆಸರು. ಅದೂ ಸೇನೆಯ ಕೆಲಸದ್ದು ಮಾತ್ರ. ಆಳದ ಒತ್ತಡಕ್ಕೆ ಉಪ್ಪು ನಿಧಾನವಾಗಿ ಜರುಗುತ್ತದೆ. ಅಗೆದ ಕೋಣೆಯ ಗೋಡೆ, ಚಾವಣಿ ವರ್ಷಕ್ಕೆ ಇಷ್ಟಿಷ್ಟು ಒಳಗೆ ಬಂದು, ಕೆಲವು ದಶಕಗಳಲ್ಲಿ ಡ್ರಮ್ಮುಗಳನ್ನು ಅಪ್ಪಿಕೊಂಡು ಮುಚ್ಚಿಕೊಳ್ಳುತ್ತದೆ. ಗಣಿಯವರಿಗೆ ಇದು ಕಾಟ. ಕಸ ಹೂಳುವವರಿಗೆ ವರ.

ಬೆಕ್ಕಿನ ಕಕ್ಕಸಿನ ಪುಡಿಯಿಂದ ಅಣು ಕಸ ಸಿಡಿದ ಕಥೆ ನಿಜವಾ?

ನಿಜ. ಬೆಕ್ಕಿನ ಕಕ್ಕಸಿಗೆ ಹಾಕುವ ಜೇಡಿಮಣ್ಣಿನ ಪುಡಿ ದ್ರವ ಹೀರಲು ಬಹಳ ಒಳ್ಳೆಯದು. ಡ್ರಮ್ಮುಗಳಲ್ಲಿ ಅದನ್ನು ವರ್ಷಗಟ್ಟಲೆ ಬಳಸುತ್ತಿದ್ದರು. ಲಾಸ್ ಅಲಾಮೋಸ್‌ನ ಕೆಲಸದ ಸೂಚನೆಯಲ್ಲಿ 'ಅಜೈವಿಕ' ಅಂತ ಇರಬೇಕಾದ ಕಡೆ 'ಜೈವಿಕ' ಅಂತ ಬಂತು. ಮಣ್ಣಿನ ಪುಡಿಯ ಬದಲು ಗೋಧಿಯಿಂದ ಮಾಡಿದ ಪುಡಿ ಹಾಕಿದರು. ಡ್ರಮ್ಮಿನಲ್ಲಿ ನೈಟ್ರೇಟ್ ಲವಣ ಇತ್ತು. ನೈಟ್ರೇಟ್ ಜೊತೆ ಉರಿಯುವ ವಸ್ತು ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಮಾಯಾಕ್ ಆಗಲೇ ಪಾಠ ಹೇಳಿತ್ತು.

2014ರ ಫೆಬ್ರುವರಿ 14ರ ರಾತ್ರಿ ವಿಪ್‌ನ ಆಳದಲ್ಲಿ ಆ ಡ್ರಮ್ಮು ಬಿಸಿಯೇರಿ ಬಾಯಿ ಬಿಟ್ಟಿತು. ನೆಲದಡಿ ಆಗ ಯಾರೂ ಇರಲಿಲ್ಲ. ಶೋಧಕಗಳನ್ನು ದಾಟಿ ಸ್ವಲ್ಪ ಪ್ಲುಟೋನಿಯಂ, ಅಮೆರಿಷಿಯಂ ಮೇಲೆ ಬಂತು. ಮೇಲಿದ್ದ 20ಕ್ಕೂ ಹೆಚ್ಚು ನೌಕರರ ಮೈಯಲ್ಲಿ ಅಲ್ಪ ಪ್ರಮಾಣ ಕಂಡಿತು. ಮತ್ತೆ ಕಸ ಇಳಿಸಿದ್ದು 2017ರ ಜನವರಿಯಲ್ಲಿ. ಉಪ್ಪು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಎಡವಿದ್ದು ಕಾಗದದಲ್ಲಿ.

## ಇನ್ನೂ ಆಳಕ್ಕೆ

ಗಾಜು ತುಂಬಿದ ಆ ಡಬ್ಬಿಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ?

ಸದ್ಯಕ್ಕೆ ಎಲ್ಲಿಗೂ ಇಲ್ಲ. ಕಾರ್ಖಾನೆಯ ಪಕ್ಕದ ಕಟ್ಟಡದ ನೆಲದಡಿ ನಿಂತಿವೆ. ವಿಪ್‌ಗೆ ಅತಿ ಹೆಚ್ಚು ವಿಕಿರಣದ ಕಸ ತರಬಾರದು ಅಂತ ಕಾನೂನಿದೆ. ನೆವಾಡದ ಯಕ್ಕಾ ಬೆಟ್ಟಕ್ಕೆ ಕಳಿಸುವ ಯೋಜನೆ ಇತ್ತು. 1987ರಲ್ಲಿ ಸಂಸತ್ತು ಬೇರೆ ಜಾಗಗಳ ಹುಡುಕಾಟ ನಿಲ್ಲಿಸಿ ಅದೊಂದನ್ನೇ ಆರಿಸಿತು. ನೆವಾಡದವರು 'ನಮ್ಮ ತಲೆಗೆ ಕಟ್ಟಿದರು' ಅಂತ ಕೊನೆಯವರೆಗೂ ಒಪ್ಪಲಿಲ್ಲ. 2008ರಲ್ಲಿ ಪರವಾನಗಿಗೆ ಅರ್ಜಿ ಹೋಯಿತು, 2011ರ ಹೊತ್ತಿಗೆ ದುಡ್ಡು ನಿಂತಿತು. ವಿಪ್‌ಗೆ ಕಾರ್ಲ್ಸ್‌ಬಾಡ್‌ನವರು ತಾವೇ ಬನ್ನಿ ಅಂದಿದ್ದರು. ಬಂಡೆಯ ಗುಣದಷ್ಟೇ ಊರಿನ ಒಪ್ಪಿಗೆಯೂ ಮುಖ್ಯ ಅನ್ನುವುದು ಈ ಎರಡು ಜಾಗ ಇಟ್ಟು ನೋಡಿದರೆ ತಿಳಿಯುತ್ತದೆ.

ಬಾಂಬು ಕಳಚಿದ ಮೇಲೆ ಸಿಗುವ ಶುದ್ಧ ಪ್ಲುಟೋನಿಯಂ? ಅದನ್ನು ಉರಿಸಿ ಕರೆಂಟು ಮಾಡಬಹುದಲ್ಲ?

ಮಾಡಬಹುದು, ಹೊರಟಿದ್ದರು. 2000ದಲ್ಲಿ ಅಮೆರಿಕ ಮತ್ತು ರಷ್ಯಾ ತಲಾ 34 ಟನ್ ಪ್ಲುಟೋನಿಯಂ ಮುಗಿಸುವ ಒಪ್ಪಂದ ಮಾಡಿಕೊಂಡವು. ಅಮೆರಿಕ ಇದನ್ನು ರಿಯಾಕ್ಟರ್ ಇಂಧನ ಮಾಡುವ ಕಾರ್ಖಾನೆಯನ್ನು 2007ರಲ್ಲಿ ಕಟ್ಟತೊಡಗಿತು. ಖರ್ಚು ಏರುತ್ತಾ ಹೋಗಿ 2018ರಲ್ಲಿ ಅರ್ಧಕ್ಕೇ ಕೈಬಿಟ್ಟಿತು. ರಷ್ಯಾ 2016ರಲ್ಲೇ ಒಪ್ಪಂದವನ್ನು ತಡೆಹಿಡಿದಿತ್ತು.

ಆಮೇಲೆ ಹಿಡಿದ ದಾರಿ ಬಹಳ ಸರಳ: ಕಲಬೆರಕೆ. ಪ್ಲುಟೋನಿಯಂ ಪುಡಿಗೆ ಬೇರೆ ಪುಡಿ ಬೆರೆಸತೊಡಗಿದರು. ಅದರಲ್ಲಿ ಏನೇನಿದೆ ಅನ್ನುವುದು ಗುಟ್ಟು. ಮತ್ತೆ ಬೇರ್ಪಡಿಸುವುದು ಬಹಳ ಕಷ್ಟವಾಗಬೇಕು, ಅದೇ ಉದ್ದೇಶ. ಆಮೇಲೆ ಡಬ್ಬಿಗೆ ಹಾಕಿ ವಿಪ್‌ಗೆ. ಕಲಬೆರಕೆ ಒಳ್ಳೆಯದಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಾವಿರಾರು ವರ್ಷ ಹೂತದ್ದು ಹೊರಗೆ ಬರಲ್ಲ ಅಂತ ಯಾರು ನೋಡಿದ್ದಾರೆ?

ಮನುಷ್ಯರು ನೋಡಿಲ್ಲ, ಬಂಡೆ ನೋಡಿದೆ. ಆಫ್ರಿಕಾದ ಗಬಾನ್‌ನ ಒಕ್ಲೊ ಯುರೇನಿಯಂ ಗಣಿಯಲ್ಲಿ 1972ರಲ್ಲಿ ಫ್ರೆಂಚರು ಒಂದು ವಿಚಿತ್ರ ಕಂಡರು. ಅದಿರಿನಲ್ಲಿ ಇರಬೇಕಾದಷ್ಟು ಯುರೇನಿಯಂ-235, ಅಂದರೆ ರಿಯಾಕ್ಟರಿನಲ್ಲಿ ಉರಿಯುವ ಜಾತಿಯ ಯುರೇನಿಯಂ, ಇರಲಿಲ್ಲ. ಹುಡುಕಿದಾಗ ಗೊತ್ತಾಯಿತು, ಸುಮಾರು 200 ಕೋಟಿ ವರ್ಷದ ಹಿಂದೆ ಅಲ್ಲಿ ತಾನಾಗಿಯೇ ಪರಮಾಣು ಕ್ರಿಯೆ ನಡೆದಿತ್ತು. ಯಾರೂ ಕಟ್ಟದ ರಿಯಾಕ್ಟರ್! ಆಗ ಹುಟ್ಟಿದ ಪ್ಲುಟೋನಿಯಂ ಹೆಚ್ಚು ದೂರ ಹೋಗದೆ ಅಲ್ಲೇ ಸವೆದು ಮುಗಿದಿತ್ತು. ಸೀಸಿಯಂ, ಸ್ಟ್ರಾನ್ಷಿಯಂ ಥರದವು ಅಷ್ಟು ನಿಯತ್ತಿನಿಂದ ಉಳಿದಿರಲಿಲ್ಲ. ಹಾಗಾಗಿ ಒಕ್ಲೊ ತೋರಿಸಿ 'ಚಿಂತೆ ಬೇಡ' ಅನ್ನುವವರನ್ನು ಪೂರ್ತಿ ನಂಬಬೇಡಿ.

10,000 ವರ್ಷ ಬಿಟ್ಟು ಬರುವವರಿಗೆ 'ಇಲ್ಲಿ ಅಗೆಯಬೇಡಿ' ಅಂತ ಹೇಗೆ ಹೇಳೋದು?

ವಿಪ್‌ಗೆ ನಿಯಮ ಇರುವುದೇ 10,000 ವರ್ಷಕ್ಕೆ. 1990ರ ದಶಕದಲ್ಲಿ ಇದಕ್ಕಾಗಿ ಭಾಷಾತಜ್ಞರು, ಪುರಾತತ್ವದವರು, ಕಲಾವಿದರನ್ನು ಕೂರಿಸಿದರು. ನೆಲದಿಂದ ಏಳುವ ದೈತ್ಯ ಮುಳ್ಳುಗಳ ಬಯಲು ಅಂತ ಒಬ್ಬರು ಚಿತ್ರ ಬರೆದರು. ಕೊನೆಗೆ ಉಳಿದ ಯೋಜನೆ ಸಾದಾ: ಸುತ್ತ ಮಣ್ಣಿನ ದಿಬ್ಬ, ಎತ್ತರದ ಗ್ರಾನೈಟ್ ಕಂಬಗಳು, ಏಳು ಭಾಷೆಯ ಎಚ್ಚರಿಕೆ. ಅದರಲ್ಲಿ ಒಂದು ಅಲ್ಲಿನ ಮೂಲನಿವಾಸಿಗಳ ನವಾಹೊ. ನನಗಿರುವ ಅನುಮಾನ ಹಳೆಯದು. ಎಚ್ಚರಿಕೆ ಬರೆದಿದ್ದ ಗೋರಿಗಳನ್ನು ಕಳ್ಳರು ಬಿಟ್ಟಿದ್ದಾರಾ? ದೊಡ್ಡ ಕಂಬ ನೋಡಿದರೆ ಕೆಳಗೆ ನಿಧಿ ಇದೆ ಅನ್ನಿಸುವುದೇ ಜಾಸ್ತಿ.

ಪೂರ್ತಿ ಸ್ವಚ್ಛ ಮಾಡಿ ಮುಗಿಸಿದ ಒಂದಾದರೂ ಜಾಗ ಇದೆಯಾ?

'ಪೂರ್ತಿ' ಅನ್ನುವ ಮಾತು ಬಿಟ್ಟರೆ ಇದೆ. ಓಹಿಯೊದ ಫರ್ನಾಲ್ಡ್‌ನಲ್ಲಿ 1951ರಿಂದ 1989ರವರೆಗೆ ಯುರೇನಿಯಂ ಲೋಹ ಮಾಡುತ್ತಿದ್ದರು. ಕಾರ್ಖಾನೆಯ ಹೆಸರಿನಲ್ಲಿ 'ಫೀಡ್' ಅಂತ ಇದ್ದದ್ದರಿಂದ ಸುತ್ತಲಿನ ಕೆಲವರು ಪ್ರಾಣಿಗಳ ಮೇವು ತಯಾರಾಗುತ್ತದೆ ಅಂದುಕೊಂಡಿದ್ದರು. 440 ಕೋಟಿ ಡಾಲರ್ ಖರ್ಚಾಗಿ 2006ರಲ್ಲಿ ಕೆಲಸ ಮುಗಿಯಿತು. ಈಗ ಅದು ಹುಲ್ಲುಗಾವಲು, ಹಕ್ಕಿ ನೋಡುವ ಜಾಗ. ಆದರೆ ಅಂತರ್ಜಲ ಶುದ್ಧೀಕರಣ ಆಮೇಲೂ ನಿಂತಿಲ್ಲ, ಒಂದು ಮೂಲೆಯಲ್ಲಿ ಕಸ ಹೂತ ಉದ್ದನೆ ಗುಡ್ಡವೂ ಇದೆ.

ಕೊಲರಾಡೊದ ರಾಕಿ ಫ್ಲಾಟ್ಸ್ ಬಾಂಬಿನ ಪ್ಲುಟೋನಿಯಂ ತಿರುಳು ಮಾಡುತ್ತಿದ್ದ ಜಾಗ. 1989ರಲ್ಲಿ ಎಫ್‌ಬಿಐ ಅಲ್ಲಿಗೆ ದಾಳಿ ಮಾಡಿತು. ಒಂದು ಸರ್ಕಾರಿ ಸಂಸ್ಥೆ ಇನ್ನೊಂದು ಸರ್ಕಾರಿ ಕಾರ್ಖಾನೆಯ ಮೇಲೆ! ಸ್ವಚ್ಛ ಮಾಡಲು 60 ವರ್ಷಕ್ಕೂ ಜಾಸ್ತಿ ಬೇಕು ಅಂದಿದ್ದರು. ಸುಮಾರು 700 ಕೋಟಿ ಡಾಲರ್‌ನಲ್ಲಿ 2005ಕ್ಕೇ ಮುಗಿಯಿತು. ಮುಗಿದ ಗುಟ್ಟು ಏನಂದರೆ ಕಸ ಬೇರೆ ಕಡೆ ಹೋಯಿತು, ಮುಖ್ಯವಾಗಿ ವಿಪ್‌ಗೆ. ಸುತ್ತಲಿನ ಜಾಗ 2018ರಿಂದ ಜನರಿಗೆ ತೆರೆದ ವನ್ಯಧಾಮ. ನಡುವಿನ ಭಾಗಕ್ಕೆ ಇವತ್ತಿಗೂ ಬೇಲಿ ಇದೆ.

ಒಟ್ಟು ಖರ್ಚು ಎಷ್ಟಾಗಬಹುದು?

ಅಮೆರಿಕದ ಇಂಧನ ಇಲಾಖೆ ತನ್ನ ಲೆಕ್ಕದಲ್ಲಿ ತೋರಿಸುವ ಸ್ವಚ್ಛತೆಯ ಹೊರೆ 50,000 ಕೋಟಿ ಡಾಲರ್ ದಾಟಿದೆ. ಪ್ರತಿ ವರ್ಷ ಸಾವಿರಾರು ಕೋಟಿ ಡಾಲರ್… ಅಲ್ಲ, ತಪ್ಪಾಯಿತು, ನೂರಾರು ಕೋಟಿ ಡಾಲರ್ ಖರ್ಚು ಮಾಡಿದರೂ ಅದು ಇಳಿಯುತ್ತಿಲ್ಲ. ಹ್ಯಾನ್‌ಫೋರ್ಡ್ ಒಂದರದ್ದೇ ಇದರಲ್ಲಿ ದೊಡ್ಡ ಪಾಲು.

ಹಳೆಯದೇ ಮುಗಿದಿಲ್ಲ. ಈಗ ಹೊಸ ಕಸ ಬರ್ತಾ ಇದೆಯಾ?

ಬರುತ್ತಿದೆ. ಹೊಸ ಪ್ಲುಟೋನಿಯಂ ಮಾಡುವ ರಿಯಾಕ್ಟರುಗಳು ಅಮೆರಿಕದಲ್ಲಿ ನಿಂತು ದಶಕಗಳಾದವು, ಹಾಗಾಗಿ ಟ್ಯಾಂಕಿನ ಥರದ ಹೊಸ ಕಸ ಹ್ಯಾನ್‌ಫೋರ್ಡ್‌ಗೆ ಸೇರುತ್ತಿಲ್ಲ. ಆದರೆ ಹಳೆಯ ಪ್ಲುಟೋನಿಯಂ ಕರಗಿಸಿ ಹೊಸ ಸಿಡಿತಲೆಗೆ ತಿರುಳು ಎರೆಯುವ ಕೆಲಸ ಲಾಸ್ ಅಲಾಮೋಸ್‌ನಲ್ಲಿ ಮತ್ತೆ ಶುರುವಾಗಿದೆ. ಸೇನೆಯ ಬಳಕೆಗೆ ಯೋಗ್ಯ ಅಂತ ಮೊದಲ ತಿರುಳಿಗೆ ಮುದ್ರೆ ಬಿದ್ದದ್ದು 2024ರ ಅಕ್ಟೋಬರ್‌ನಲ್ಲಿ. ಸವಾನಾ ರಿವರ್‌ನ ಆ ಕೈಬಿಟ್ಟ ಇಂಧನ ಕಾರ್ಖಾನೆಯ ಕಟ್ಟಡವನ್ನೇ ತಿರುಳಿನ ಕಾರ್ಖಾನೆಯಾಗಿ ಬದಲಾಯಿಸುತ್ತಿದ್ದಾರೆ. ಎರಡೂ ಸೇರಿ ವರ್ಷಕ್ಕೆ 80 ತಿರುಳು ಅನ್ನುವುದು ಗುರಿ.

ಅದರ ಕೈಗವಸು, ಉಪಕರಣ, ಡಬ್ಬಿಗಳೂ ವಿಪ್‌ಗೇ ಹೋಗಬೇಕು. ವಿಪ್‌ನಲ್ಲಿ ಎಷ್ಟು ಹೂಳಬಹುದು ಅಂತ 1992ರ ಕಾನೂನಿನಲ್ಲಿ ಮಿತಿ ಇದೆ: ಸುಮಾರು 1,75,000 ಘನ ಮೀಟರ್. ಹಳೆಯ ಕಸಕ್ಕೆ ಮೊದಲ ಜಾಗ ಕೊಡಿ ಅಂತ ನ್ಯೂ ಮೆಕ್ಸಿಕೊ ರಾಜ್ಯ 2023ರ ಪರವಾನಗಿಯಲ್ಲಿ ಷರತ್ತು ಬರೆಸಿಕೊಂಡಿದೆ.